ಗುರುತಿಲ್ಲದ ಓಣಿಯ ಎಣಿಕೆ

ನಮ್ಮ ಊರಿನಲ್ಲಿ ಒಂದು ಓಣಿ ಇದೆ. ಗಾಣದ ಕಟ್ಟೆಯ ಹತ್ತಿರ ಶುರುವಾಗಿ ಹಳೆಯ ಅರಳೆ ಮಿಲ್ಲಿನ ಗೋಡೆಯ ಹತ್ತಿರ ಮುಗಿಯುತ್ತದೆ. ನಡೆದರೆ ನೂರಾ ಎಂಬತ್ತು ಹೆಜ್ಜೆ, ಅದೂ ನನ್ನ ಹೆಜ್ಜೆಯಲ್ಲಿ. ಈ ಓಣಿಗೆ ಕಾಲಿಟ್ಟ ಮೇಲೆ ಯಾರಿಗೂ ಯಾರ ಗುರುತೂ ಇರುವುದಿಲ್ಲ. ಗಂಡ ಎದುರಾದರೆ ಹೆಂಡತಿ ಸೆರಗು ಸರಿಮಾಡಿಕೊಂಡು, ಯಾರೋ ಪರ ಊರಿನ ಗಂಡಸು ಬಂದನೇನೋ ಎಂಬಂತೆ ಗೋಡೆಯ ಕಡೆಗೆ ಸರಿಯುತ್ತಾಳೆ. ಅಪ್ಪ ಮಗ ಭುಜ ತಾಗಿಸಿಕೊಂಡು ಹೋದರೂ ಮಾತಿಲ್ಲ. ಓಣಿ ದಾಟಿ ಹೊರಗೆ ಬಂದ ಮೇಲೂ ‘ನಿನ್ನನ್ನು ಅಲ್ಲಿ ಕಂಡೆನಲ್ಲ’ ಎಂದು ಯಾರೂ ಯಾರಿಗೂ ಅನ್ನುವಂತಿಲ್ಲ. ಅಂದವರ ಮನೆಯಲ್ಲಿ ಊರವರು ನೀರು ಕೂಡ ಕುಡಿಯುವುದಿಲ್ಲ. ಈ ಕಟ್ಟಳೆಯನ್ನು ಯಾರು ಮಾಡಿದರು ಎಂದು ನನ್ನನ್ನು ಕೇಳಬೇಡಿ. ನಮ್ಮಜ್ಜನ ಕಾಲದಲ್ಲಿಯೂ ಇತ್ತಂತೆ.

ಜನ ಇದಕ್ಕೆ ಒಗ್ಗಿಕೊಂಡುಬಿಟ್ಟಿದ್ದಾರೆ. ಜಗಳವಾಡಿ ಮಾತು ಬಿಟ್ಟ ಅಣ್ಣತಮ್ಮಂದಿರು ಸಂತೆಗೆ ಈ ಓಣಿಯಿಂದಲೇ ಹೋಗುತ್ತಾರೆ, ಮುಖ ತಿರುಗಿಸಿಕೊಳ್ಳುವ ಕಷ್ಟ ತಪ್ಪುತ್ತದೆ ಎಂದು. ಸೊಪ್ಪು ಮಾರುವವಳು ಓಣಿಯ ಬಾಯಿಗೆ ಬಂದ ಕೂಡಲೇ ‘ಮೆಂತ್ಯ, ಪಾಲಕ’ ಅನ್ನುವಲ್ಲಿಗೆ ಕೂಗು ನಿಲ್ಲಿಸಿ, ಆಚೆ ತುದಿ ಮುಟ್ಟಿದ ಮೇಲೆ ‘ರಾಜಗಿರಿ’ಯಿಂದ ಮುಂದುವರಿಸುತ್ತಾಳೆ. ಒಮ್ಮೆ ಊರಿಗೆ ಹೊಸದಾಗಿ ಬಂದ ಅಳಿಯನೊಬ್ಬ ಓಣಿಯ ನಡುವೆಯೇ ಮಾವನಿಗೆ ಕೈ ಮುಗಿದ. ಮಾವ ಆಕಾಶ ನೋಡಿಕೊಂಡು ಮುಂದೆ ನಡೆದ. ಅಳಿಯ ಸಿಟ್ಟಿನಿಂದ ಸಿಕ್ಕಿದ ಬಸ್ಸು ಹತ್ತಿ ತನ್ನೂರಿಗೆ ಹೋಗಿಬಿಟ್ಟ. ಅವನನ್ನು ರಮಿಸಿ ಕರೆತರಲು ಮೂವರು ಹಿರಿಯರು ಹೋಗಬೇಕಾಯಿತು.

ಓಣಿಯ ನಟ್ಟನಡುವೆ ಪುರಸಭೆಯ ಮಾನಸಿಕ ಚಿಕಿತ್ಸಾಲಯವಿದೆ. ಬಾಗಿಲ ಮೇಲೆ ಹಾಗೆ ಬರೆದಿದೆ, ಊರವರು ಓಣಿ ದವಾಖಾನೆ ಎನ್ನುತ್ತಾರೆ. ನಿದ್ದೆ ಕಳೆದುಕೊಂಡವರು, ಕಾರಣವಿಲ್ಲದೆ ಅಳುವವರು, ಇಲ್ಲದ ದನಿ ಕೇಳಿಸಿಕೊಳ್ಳುವವರು, ಹಡೆದ ಮೇಲೆ ಕೂಸಿನ ಮುಖ ನೋಡಲು ಒಲ್ಲೆ ಎನ್ನುವವರು, ಎಲ್ಲರೂ ಅಲ್ಲಿಗೇ ಬರುತ್ತಾರೆ. ಗುರುತೇ ಇಲ್ಲದ ಮೇಲೆ ಹೆಸರು ಬರೆದುಕೊಳ್ಳುವುದು ಹೇಗೆ? ಆದರೆ ಇಷ್ಟು ಜನರಿಗೆ ಚಿಕಿತ್ಸೆ ಕೊಟ್ಟೆವು ಎಂಬ ಲೆಕ್ಕ ಪುರಸಭೆಗೆ ಬೇಕೇ ಬೇಕು. ಅದಕ್ಕಾಗಿ ಬಾಗಿಲಲ್ಲಿ ಒಂದು ಅಗಲ ತಟ್ಟೆಯ, ಅಂದರೆ ಪರಾತದ, ತುಂಬ ಹುಣಸೆಬೀಜ ಇಟ್ಟಿರುತ್ತೇವೆ, ಪಕ್ಕದಲ್ಲಿ ಒಂದು ಗಡಿಗೆ. ಒಳಗೆ ಹೋಗುವವರು ಒಂದು ಬೀಜ ಎತ್ತಿ ಗಡಿಗೆಗೆ ಹಾಕಿ ಹೋಗಬೇಕು. ಸಂಜೆ ಐದಕ್ಕೆ ಆ ಬೀಜಗಳನ್ನು ಎಣಿಸಿ, ಬಂದ ಅಂಕಿಯನ್ನು ಗಾಣದ ಕಟ್ಟೆಯ ಮೇಲಿರುವ ಕಪ್ಪು ಬೋರ್ಡಿನಲ್ಲಿ ಬರೆಯಬೇಕು. ಎಣಿಸಿ ಬರೆಯುವವನು ನಾನು. ನನ್ನ ಹೆಸರು ಮಡಿವಾಳಪ್ಪ. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ.

ಬಾಗಿಲ ಪಕ್ಕದ ಸ್ಟೂಲಿನ ಮೇಲೆ ತಲೆ ತಗ್ಗಿಸಿ ಕೂಡುವುದು ನನ್ನ ಕರ್ತವ್ಯ. ಒಬ್ಬರು ಎರಡು ಬೀಜ ಹಾಕಬಾರದು, ಹಾಕದೆ ಹೋಗಲೂಬಾರದು, ಇಷ್ಟು ನೋಡಿಕೊಂಡರೆ ಸಾಕು. ಬಂದವರ ಮುಖ ಮಾತ್ರ ನೋಡುವಂತಿಲ್ಲ. ತಲೆ ತಗ್ಗಿಸಿ ಕೂತವನಿಗೆ ಕಾಣುವುದು ಇನ್ನೇನು? ಕಾಲು. ಮೊದಲ ಒಂದೆರಡು ವರ್ಷ ಎಲ್ಲವೂ ಬರೀ ಕಾಲುಗಳೇ ಆಗಿದ್ದವು. ಆಮೇಲೆ ಒಂದೊಂದೇ ಬೇರೆಯಾಗತೊಡಗಿದವು. ಹಿಮ್ಮಡಿಗೆ ಕೆಂಪು ಮಣ್ಣು ಮೆತ್ತಿಕೊಂಡು ಬರುವ ಕುಂಬಾರನ ಕಾಲು. ಬೂಟಿನ ಲೇಸು ಕಟ್ಟದೆಯೇ ಬರುವ ಮಾಸ್ತರನ ಕಾಲು. ಹೊಸ್ತಿಲ ಮುಂದೆ ಮೂರು ಸಲ ಹಿಂದೆ ಮುಂದೆ ಆಡಿ ಆಮೇಲೆ ಒಳಗೆ ಬರುವ, ಗೋರಂಟಿ ಹಚ್ಚಿದ ಸಣ್ಣ ಹುಡುಗಿಯೊಬ್ಬಳ ಕಾಲು. ಯಾರ ಚಪ್ಪಲಿ ಹೊಸದಾಯಿತು, ಯಾರ ಕಾಲು ಮೊದಲಿಗಿಂತ ಹಗುರಾಗಿ ಬೀಳುತ್ತಿದೆ, ಯಾರದು ಎಳೆಯುತ್ತಿದೆ, ನನಗೆ ಎಲ್ಲವೂ ತಿಳಿಯುತ್ತಿತ್ತು. ನಾನು ಯಾರಿಗೂ ಹೇಳಲಿಲ್ಲ. ಹೇಳಲು ಯಾರಿದ್ದರು?

ಅದೇ ನೋಡಿ ವಿಷಯ. ಓಣಿಯಲ್ಲಿ ನನ್ನ ಗುರುತು ಯಾರಿಗೂ ಇರಬಾರದು ಸರಿ. ಓಣಿಯ ಹೊರಗೂ ಇಲ್ಲದೆ ಹೋಯಿತು. ಸಂತೆಯಲ್ಲಿ ಯಾರಾದರೂ ‘ಏನ್ ಮಡಿವಾಳಪ್ಪ, ಆರಾಮ?’ ಎಂದರೆ ಪಕ್ಕದಲ್ಲಿ ನಿಂತವನಿಗೆ ಅನುಮಾನ ಬರುತ್ತದೆ: ಇವನಿಗೆ ಆ ಸ್ಟೂಲಿನವನ ಪರಿಚಯ ಎಲ್ಲಿಂದ ಆಯಿತು? ಹಾಗಾಗಿ ದವಾಖಾನೆಗೆ ಬಂದವರು ಮಾತಾಡಿಸುವುದಿಲ್ಲ, ಬಾರದವರಂತೂ ಮಾತಾಡಿಸುವುದೇ ಇಲ್ಲ. ಕಿರಾಣಿಯವನು ನಾನು ಚೀಟಿ ಇಟ್ಟರೆ ಸಾಮಾನು ಕಟ್ಟಿ ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟು ಬೇರೆ ಕಡೆ ನೋಡುತ್ತಾನೆ. ಕ್ಷೌರಿಕನ ಬಾಯಿ ಊರಿಗೆಲ್ಲ ಪ್ರಸಿದ್ಧ, ನಾನು ಕುರ್ಚಿಯಲ್ಲಿ ಕೂತರೆ ಕತ್ತರಿಯದೊಂದೇ ಸದ್ದು. ನಮ್ಮಕ್ಕ ಸಿದ್ಧವ್ವ ಇರುವವರೆಗೆ ಮನೆಯಲ್ಲಿ ಬೈಯಲಾದರೂ ಒಬ್ಬಳು ಇದ್ದಳು. ನಾಲ್ಕು ವರ್ಷದ ಹಿಂದೆ ಅವಳು ತೀರಿಕೊಂಡಾಗ ಹೆಗಲು ಕೊಡಲು ನಾನು ಮತ್ತು ಪುರಸಭೆಯ ಇಬ್ಬರು ಪೌರಕಾರ್ಮಿಕರು, ಮೂವರೇ ಆದೆವು. ನಾಲ್ಕನೆಯವನು ಬೇಕಿತ್ತು. ಬೀದಿಯ ಎರಡೂ ಬದಿಯ ಮನೆಗಳ ಬಾಗಿಲು ಅರ್ಧ ತೆರೆದಿದ್ದವು, ಆ ಸಂದಿಯಲ್ಲಿ ನನಗೆ ಚೆನ್ನಾಗಿ ಗೊತ್ತಿದ್ದ ಎಷ್ಟೋ ಕಾಲುಗಳು ನಿಂತಿದ್ದವು. ಯಾವ ಕಾಲೂ ಹೊಸ್ತಿಲು ದಾಟಲಿಲ್ಲ. ಕೊನೆಗೆ ಗಾಡಿಯಲ್ಲಿಟ್ಟು ಒಯ್ದೆವು.

ಬೋರ್ಡಿನ ಮಾತಿಗೆ ಬರುತ್ತೇನೆ. ಊರಿಗೆ ಅದೊಂದು ಅಂಕಿ ಅಷ್ಟೇ. ‘ಇವತ್ತು ನಲವತ್ತೊಂದಂತ’, ‘ನಿನ್ನಿ ಮೂವತ್ತೆಂಟ ಇತ್ತಲ್ಲ, ಬಿಸಿಲಿಗೆ ತಲಿ ಕೆಟ್ಟಾವು’ ಎಂದು ಗಾಣದ ಕಟ್ಟೆಯ ಮೇಲೆ ಕೂತ ಮುದುಕರು ಹರಟುತ್ತಾರೆ. ಆದರೆ ಆ ಅಂಕಿಯನ್ನು ನಿಜವಾಗಿ ಓದುವವರು ಬೇರೆಯೇ ಇದ್ದಾರೆ. ಸಂಜೆ ಸುಮ್ಮನೆ ಹಾದುಹೋಗುವವರಂತೆ ಬಂದು, ಕ್ಷಣ ನಿಂತು, ಬೋರ್ಡು ನೋಡಿ ಹೋಗುತ್ತಾರೆ. ನಲವತ್ತೊಂದು ಎಂದರೆ ತನ್ನನ್ನು ಬಿಟ್ಟು ಇನ್ನೂ ನಲವತ್ತು ಮಂದಿ. ಈ ಊರಿನ ಯಾವುದೋ ನಲವತ್ತು ಮನೆಗಳಲ್ಲಿ ತನ್ನಂತೆಯೇ ಯಾರೋ ಮಾತ್ರೆ ನುಂಗಿ ಮಲಗುತ್ತಾರೆ. ಯಾರೆಂದು ಗೊತ್ತಿರಬೇಕಿಲ್ಲ, ಇದ್ದಾರೆ ಎಂದು ಗೊತ್ತಾದರೆ ಸಾಕು. ಅಂಕಿ ನೋಡಿದ ಮೇಲೆ ಅವರ ಕಾಲು ಸ್ವಲ್ಪ ಬೇಗ ನಡೆಯುತ್ತಿತ್ತು. ಅದಕ್ಕೇ ನಾನು ಎಷ್ಟೇ ಜ್ವರ ಬಂದರೂ ಒಂದು ದಿನವೂ ಬೋರ್ಡು ಖಾಲಿ ಬಿಟ್ಟವನಲ್ಲ.

ಹಾಗೆ ದಿನವೂ ಓದುವವರಲ್ಲಿ ಸಾತವ್ವ ಒಬ್ಬಳು. ಅವಳು ನನ್ನ ನೆರೆಯವಳು, ಎರಡೂ ಮನೆಗೆ ಒಂದೇ ಗೋಡೆ. ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುತ್ತಾಳೆ. ಬೆಳಕು ಹರಿಯುವ ಹೊತ್ತಿಗೆ ಗೋಡೆಯ ಆಚೆ ರೊಟ್ಟಿ ಬಡಿಯುವ ಸದ್ದು ಶುರುವಾದರೆ ನಾನು ಎದ್ದು ಒಲೆ ಹಚ್ಚುತ್ತೇನೆ. ಒಬ್ಬನೇ ಮಗ ಲಾರಿ ಕಂದಕಕ್ಕೆ ಬಿದ್ದು ತೀರಿಕೊಂಡ ಮೇಲೆ ಅವಳು ಓಣಿಗೆ ಬರತೊಡಗಿದಳು. ನಡುವೆ ಒಂದು ತಿಂಗಳು ಬಿಟ್ಟಳು. ಆ ತಿಂಗಳ ಕೊನೆಗೆ ಒಂದು ಮುಂಜಾನೆ ರೊಟ್ಟಿಯ ಸದ್ದು ಬರಲಿಲ್ಲ. ಹಿತ್ತಲಿಗೆ ಓಡಿ, ಬಾವಿಗೆ ಇಣುಕಿ ನೋಡಿದವನೇ ‘ಬಾವಿ, ಬಾವಿ’ ಎಂದು ಕೂಗಿದೆ. ಜನ ಬಂದು ಹಗ್ಗ ಇಳಿಸಿ ಅವಳನ್ನು ಎತ್ತಿದರು. ಕೂಗಿದವರು ಯಾರೆಂದು ಯಾರೂ ಕೇಳಲಿಲ್ಲ. ಆಮೇಲಿನಿಂದ ಡಾಕ್ಟರು ಅವಳ ಕೈಗೆ ಮಾತ್ರೆ ಕೊಡುವುದಿಲ್ಲ, ದಿನವೂ ಬಂದು ಎದುರಿಗೇ ನುಂಗಿ ಹೋಗಬೇಕು. ದಿನವೂ ಹನ್ನೊಂದು ಗಂಟೆಗೆ ಅವಳ ಕಾಲು ನನ್ನ ಮುಂದೆ ಬರುತ್ತಿತ್ತು. ಕಾಲುಂಗುರ ತೆಗೆದ ಬೆರಳಿನಲ್ಲಿ ಬಿಳಿಯ ಗೆರೆ, ಎಡಗಾಲಿನ ಕಿರುಬೆರಳಿಗೆ ಉಗುರಿಲ್ಲ. ಅವಳಿಗೆ ನಾನು ಗೊತ್ತು, ನನಗೆ ಅವಳು ಗೊತ್ತು. ಹನ್ನೊಂದು ವರ್ಷದಿಂದ ಗೋಡೆ ಹಂಚಿಕೊಂಡ ನಾವು ಒಂದು ಮಾತೂ ಆಡಿರಲಿಲ್ಲ.

ಹೀಗಿರುವಾಗ ಪುರಸಭೆಗೆ ಹೊಸ ಮುಖ್ಯಾಧಿಕಾರಿ ಬಂದರು. ದೂರದ ಊರಿನವರು, ವಯಸ್ಸು ಚಿಕ್ಕದು. ನನ್ನನ್ನು ಕಚೇರಿಗೆ ಕರೆಸಿದರು. ಎದುರಿನ ಕುರ್ಚಿ ತೋರಿಸಿದರು. ಸಿಪಾಯಿಗೆ ಹೇಳಿ ಚಹಾ ತರಿಸಿದರು. ಆಮೇಲೆ ನನ್ನ ಮುಖವನ್ನು ನೇರವಾಗಿ ನೋಡಿ ಕೇಳಿದರು: “ಮಡಿವಾಳಪ್ಪ, ಹೋದ ತಿಂಗಳು ಸಾವಿರದ ಹದಿನೆಂಟು ಬೀಜ ಅಂತ ಬರೆದಿದ್ದೀರಿ. ಸಾವಿರದ ಹದಿನೆಂಟು ಜನಾನಾ? ಅಥವಾ ಒಬ್ಬರೇ ಹತ್ತು ಸಲ ಬಂದಿದ್ದಾರಾ?”

ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಇಷ್ಟು ವರ್ಷ ನಮ್ಮ ಊರು ಬೀಜ ಎಣಿಸಿತ್ತೇ ಹೊರತು ಮನುಷ್ಯರನ್ನಲ್ಲ. ನಾನು ‘ಗೊತ್ತಿಲ್ರಿ’ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಕೇಳಿ, ನಾಲ್ಕು ವರ್ಷದ ಮೇಲೆ ಒಬ್ಬರು ನನ್ನ ಹೆಸರು ಹಿಡಿದು ಕರೆದಿದ್ದರು. ನನ್ನ ಮುಂದೆ ಕೂತು, ನನ್ನ ಉತ್ತರಕ್ಕೆ ಕಾಯುತ್ತಿದ್ದರು. ಕಟ್ಟಿ ನಿಂತ ನೀರಿಗೆ ತೂಬು ತೆಗೆದಂತಾಯಿತು.

“ನೂರಾ ಅರವತ್ತಮೂರು ಮಂದಿ ಸಾಹೇಬ್ರ,” ಎಂದೆ.

“ಅಷ್ಟು ಖಚಿತವಾಗಿ ಹೇಗೆ ಹೇಳ್ತೀರಿ?”

“ನಾ ಮುಖ ನೋಡಂಗಿಲ್ರಿ. ಆದ್ರ ಕಾಲು ನೋಡಿದ್ರ ಸಾಕು, ಯಾರು ಅನ್ನೂದು ಗೊತ್ತಾಗಿಬಿಡತೈತಿ. ಇಪ್ಪತ್ತು ಮಂದಿ ದಿನಾ ಬರ್ತಾರ. ಅರವತ್ತರ ಮ್ಯಾಲ ಮಂದಿ ವಾರಕ್ಕೊಮ್ಮಿ. ಉಳಿದವ್ರು ತಿಂಗಳಿಗೆ ಒಂದ ಸಲ, ಎರಡ ಸಲ. ಈ ವರ್ಷ ಇಪ್ಪತ್ತೆರಡು ಮಂದಿ ಆರಾಮಾಗಿ ಬರೂದು ಬಿಟ್ರು. ಒಂಬತ್ತು ಮಂದಿ ಆರಾಮಾಗದ ಬಿಟ್ರು.”

ಸಾಹೇಬರ ಕಣ್ಣು ಅರಳಿತು. ನನ್ನ ಮಾತು ನಿಲ್ಲಲಿಲ್ಲ. ಕುಂಬಾರನ ಹಿಮ್ಮಡಿ, ಮಾಸ್ತರನ ಲೇಸು, ಎಲ್ಲವೂ ಹೊರಗೆ ಬಂದವು. ಹೆಸರು ಹೇಳಲಿಲ್ಲ ನಿಜ. ಬಾಗಿಲಲ್ಲಿ ಖಾಲಿ ಕಪ್ಪಿಗಾಗಿ ಕಾಯುತ್ತ ಸಿಪಾಯಿ ನಿಂತಿದ್ದಾನೆ ಎಂಬುದು ನನ್ನ ಲಕ್ಷ್ಯಕ್ಕೇ ಬರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮಕ್ಕ ಸುಮ್ಮನೆ ಹೇಳುತ್ತಿರಲಿಲ್ಲ. ಅಂದು ಮನೆಗೆ ಬರುವಾಗ ನಾನು ಹಾಡು ಗುನುಗುತ್ತಿದ್ದೆ. ಎಷ್ಟು ನಾಚಿಕೆಗೇಡು ನೋಡಿ, ಹಾಡು ಗುನುಗುತ್ತಿದ್ದೆ.

ಮರುದಿನವೇ ಆಜ್ಞೆ ಬಂತು. ಬೋರ್ಡಿನಲ್ಲಿ ಇನ್ನು ಮುಂದೆ ಎರಡು ಅಂಕಿ ಇರಬೇಕು: ಇಂದು ಬಿದ್ದ ಬೀಜ, ಹೋದ ತಿಂಗಳು ಬಂದ ಜನ. ಸಂಜೆ ನಾನು ಬರೆದೆ. ಮೇಲೆ ನಲವತ್ತೊಂದು, ಕೆಳಗೆ ನೂರಾ ಅರವತ್ತಮೂರು. ಗಾಣದ ಕಟ್ಟೆಯ ಮುದುಕರು ಓದಿ ತಮ್ಮ ಹರಟೆಗೆ ಮರಳಿದರು. ಹಾದುಹೋಗುವವರಂತೆ ಬಂದವರು ಮೊದಲನೆಯ ಅಂಕಿ ಓದಿ, ಎರಡನೆಯದನ್ನು ಓದಿ, ಅಲ್ಲಿಯೇ ನಿಂತುಬಿಟ್ಟರು. ಬೀಜ ಎಣಿಸಿದರೆ ಬರುವ ಅಂಕಿಯಲ್ಲ ಅದು. ಯಾರೋ ಇವರು ಇಂಥವರು, ನಿನ್ನೆ ಬಂದವರು ಇವರೇ ಎಂದು ಗುರುತು ಹಿಡಿದರೆ ಮಾತ್ರ ಬರುವ ಅಂಕಿ. ಊರಿನ ಜನ ದಡ್ಡರಲ್ಲ. ಅದರ ಮೇಲೆ ಸಿಪಾಯಿಯ ಬಾಯಿಗೂ ಬೀಗ ಇರಲಿಲ್ಲ. ಅಂದು ಸಂಜೆಯೇ ಊರ ತುಂಬ ಒಂದೇ ಮಾತು: ಸ್ಟೂಲಿನವನಿಗೆ ಎಲ್ಲರ ಗುರುತೂ ಹತ್ತುತ್ತದೆ.

ಮರುದಿನ ಇಪ್ಪತ್ತೇಳು ಬೀಜ. ಅದರ ಮರುದಿನ ಹದಿನೆಂಟು. ಬಂದವರಲ್ಲಿ ಕೆಲವರು ಕಾಲಿಗೆ ಬಟ್ಟೆ ಸುತ್ತಿಕೊಂಡು ಬಂದರು. ಒಬ್ಬ ಹೆಂಗಸು ಗಂಡಸರ ಬೂಟು ಹಾಕಿಕೊಂಡು ಬಂದು, ಹೊಸ್ತಿಲಲ್ಲಿ ಎಡವಿ ಬಿದ್ದಳು. ಎಬ್ಬಿಸಲು ಕೈ ಚಾಚಿದೆ. ಅವಳು ಹಾವು ಕಂಡವಳಂತೆ ಹಿಂದೆ ಸರಿದು, ಬೀಜವನ್ನೂ ಹಾಕದೆ ತಿರುಗಿ ಹೋದಳು. ಹತ್ತಾಯಿತು, ಆರಾಯಿತು, ಮೂರಾಯಿತು. ಗೋರಂಟಿಯ ಹುಡುಗಿಯನ್ನು ಒಂದು ದಿನ ಸಂತೆಯಲ್ಲಿ ಕಂಡೆ. ಕಾಲಿನಲ್ಲಿ ಗೋರಂಟಿ ಇರಲಿಲ್ಲ, ಚಪ್ಪಲಿಯೂ ಇರಲಿಲ್ಲ. ಒಂದೇ ಅಂಗಡಿಯ ಮುಂದೆ ಹೋಗುವುದು ಬರುವುದು ಮಾಡುತ್ತಿದ್ದಳು, ಅವಳ ತಾಯಿ ರಟ್ಟೆ ಹಿಡಿದು ಎಳೆಯುತ್ತಿದ್ದಳು. ನನ್ನನ್ನು ಕಂಡ ಕೂಡಲೇ ತಾಯಿ ಮಗಳ ಕಾಲನ್ನು ತನ್ನ ಸೀರೆಯ ನೆರಿಗೆಯಿಂದ ಮುಚ್ಚಿದಳು.

ಮುಖ್ಯಾಧಿಕಾರಿಗಳು ಮಾತ್ರ ಹಿಗ್ಗಿದರು. ಓಣಿಗೆ ಬಂದು, ಎಲ್ಲರಿಗೂ ಕೇಳುವಂತೆ ಮಾತಾಡುತ್ತ, “ನೋಡಿದ್ರಾ, ಸರಿಯಾಗಿ ಲೆಕ್ಕ ಇಟ್ಟರೆ ರೋಗವೇ ಕಡಿಮೆ ಆಗುತ್ತೆ,” ಎಂದರು. ಸೊನ್ನೆ ಬಂದ ದಿನ ದವಾಖಾನೆಗೆ ಬೀಗ ಹಾಕಿ, ಡಾಕ್ಟರನ್ನು ಬೇರೆ ಊರಿಗೆ ಕಳಿಸಿ, ಕಟ್ಟಡವನ್ನು ಗ್ರಂಥಾಲಯ ಮಾಡುವುದಾಗಿಯೂ ಹೇಳಿದರು. ನಾನು ಕೋಲೆಬಸವನಂತೆ ತಲೆಯಾಡಿಸಿದೆ.

ಹನ್ನೆರಡನೆಯ ದಿನ ಗಡಿಗೆ ಬೋರಲು ಹಾಕಿದರೆ ಒಂದೇ ಬೀಜ ಬಿತ್ತು. ಸಾತವ್ವನದು. ಗಡಿಗೆಯೊಳಗೆ ಕೈ ಹಾಕಿ ತಡವಿ ನೋಡಿದೆ, ಮತ್ತೇನೂ ಇರಲಿಲ್ಲ. ಗಾಣದ ಕಟ್ಟೆಗೆ ಹೋಗಿ ಒಂದು ಎಂದು ಬರೆದೆ. ಬರೆದು ಗಾಣದ ಮರೆಗೆ ನಿಂತೆ. ಸ್ವಲ್ಪ ಹೊತ್ತಿಗೆ ಸಾತವ್ವ ಖಾಲಿ ರೊಟ್ಟಿಬುಟ್ಟಿ ಹಿಡಿದು ಬಂದಳು. ಬೋರ್ಡು ನೋಡಿದಳು. ನೋಡುತ್ತಲೇ ನಿಂತಳು. ಬುಟ್ಟಿಯನ್ನು ಕೆಳಗಿಟ್ಟಳು, ಬೆರಳಿನಿಂದ ಆ ಒಂದನ್ನು ಮುಟ್ಟಿದಳು. ಇಡೀ ಊರಿನಲ್ಲಿ ತಲೆ ಕೆಟ್ಟವಳು ನೀನೊಬ್ಬಳೇ ಎಂದು ಅವಳಿಗೆ ಊರ ನಡುವೆ ಬರೆದು ತೋರಿಸಿದಂತಾಗಿತ್ತು. ಬರೆದವನು ನಾನು. ಅವಳು ಬುಟ್ಟಿಯನ್ನು ಅಲ್ಲಿಯೇ ಬಿಟ್ಟು ಮನೆಗೆ ನಡೆದಳು.

ಬುಟ್ಟಿಯನ್ನು ತಂದು ಅವಳ ಕಟ್ಟೆಯ ಮೇಲಿಟ್ಟೆ. ಮರುದಿನ ಮುಂಜಾನೆ ಗೋಡೆಗೆ ಕಿವಿ ಹಚ್ಚಿ ಕೂತೆ. ರೊಟ್ಟಿಯ ಸದ್ದು ಬಂತು, ಆದರೆ ಎರಡು ಬಡಿದರೆ ಒಂದು ನಿಲ್ಲುತ್ತಿತ್ತು. ಹನ್ನೊಂದು ಗಂಟೆಗೆ ಅವಳ ಕಾಲು ಹೊಸ್ತಿಲ ಮುಂದೆ ಬಂತು. ಬೀಜ ಹಾಕಿದಳು, ಒಳಗೆ ಹೋದಳು, ಮಾತ್ರೆ ನುಂಗಿ ಹೊರಗೆ ಬಂದಳು. ಕಾಲು ಎಳೆಯುತ್ತಿತ್ತು. ನಾಳೆ ಇವಳು ಬರುವುದಿಲ್ಲ ಎಂದು ನನಗೆ ಆ ಕಾಲು ನೋಡಿಯೇ ಗೊತ್ತಾಯಿತು. ಆರಾಮಾಗದೆ ಬಿಟ್ಟ ಒಂಬತ್ತು ಮಂದಿಯ ಕೊನೆಯ ದಿನದ ಕಾಲುಗಳನ್ನೂ ನಾನು ನೋಡಿದ್ದೆ.

ಅವಳು ತಿರುವು ದಾಟುವವರೆಗೆ ಕಾದೆ. ಆಮೇಲೆ ಪರಾತದಿಂದ ಒಂದು ಬೀಜ ಎತ್ತಿ ಗಡಿಗೆಗೆ ಹಾಕಿದೆ. ಎರಡು. ಇಷ್ಟೇ ನನ್ನ ಉಪಾಯ. ಸಂಜೆ ಬೋರ್ಡಿನಲ್ಲಿ ಎರಡು ಎಂದು ಬರೆದರೆ ಅವಳಿಗೆ ಇನ್ನೊಬ್ಬರು ಇದ್ದಾರೆ ಎಂದಾಗುತ್ತದೆ, ನಾಳೆ ಬರುತ್ತಾಳೆ.

ಸ್ಟೂಲಿಗೆ ಮರಳಿ ಕೂಡುವಷ್ಟರಲ್ಲಿ ಒಳಗಿನಿಂದ ಡಾಕ್ಟರ್ ನದಾಫ ಬಾಯಿಯವರ ದನಿ ಬಂತು. “ಬೀಜ ಹಾಕಿದವ್ರು ಒಳಗ ಬರಬೇಕ್ರಿ.”

ಡಾಕ್ಟರಮ್ಮನನ್ನು ನಮ್ಮ ಕಡೆ ಬಾಯಿ, ಬಾಯಾರು ಎನ್ನುವುದು ರೂಢಿ. ಅವರು ದವಾಖಾನೆಗೆ ಬಂದು ಎಂಟು ವರ್ಷ. ದಿನವೂ ನನ್ನ ಕೈಯಿಂದಲೇ ಬೀಗದ ಕೈ ಇಸಿದುಕೊಳ್ಳುತ್ತಾರೆ. ಒಳಗೆ ಹೋದೆ. ಅವರು ನನ್ನನ್ನು ಮೊದಲ ಸಲ ನೋಡುತ್ತಿರುವವರಂತೆ ನೋಡಿ, ಕುರ್ಚಿ ತೋರಿಸಿದರು. “ಹೆಸರ ಬ್ಯಾಡ. ಊರ ಬ್ಯಾಡ. ಕೂಡ್ರಿ. ಏನಾಗೈತಿ?”

“ಏನಿಲ್ರಿ ಬಾಯಾರ. ಸುಮ್ಮನ ಬಂದೆ. ಎಣಿಕಿ ಸಲುವಾಗಿ...”

“ಸುಮ್ಮನ ಅಂತ ಹೇಳ್ಕೊಂಡ ಬರೂವ್ರ ಭಾಳ ಮಂದಿ ಅದಾರ್ರಿ. ಕೂಡ್ರಿ.”

ಕೂತೆ. ಅವರು ಅವಸರ ಮಾಡಲಿಲ್ಲ. ಹೊರಗೆ ಕಾಯುವವರು ಯಾರೂ ಇರಲಿಲ್ಲವಲ್ಲ. ನಿದ್ದೆ ಬರುತ್ತದೆಯೇ ಎಂದು ಕೇಳಿದರು. ಊಟ ಯಾರ ಜೊತೆ ಎಂದು ಕೇಳಿದರು. ಆಮೇಲೆ, “ನಿಮ್ಮ ಮನಿಯೊಳಗ ಕಡೀಕ ಯಾರ ಬಂದಿದ್ರು?” ಎಂದು ಕೇಳಿದರು. ನಾನು ಎಣಿಸಲು ಶುರು ಮಾಡಿದೆ. ಹತ್ತೊಂಬತ್ತು ವರ್ಷ ಎಣಿಸಿದ ಮನುಷ್ಯ, ಎಣಿಕೆ ನನಗೆ ಕಷ್ಟವಲ್ಲ. ನಮ್ಮಕ್ಕನ ಹೆಣ ಎತ್ತಲು ಬಂದ ಇಬ್ಬರು ಪೌರಕಾರ್ಮಿಕರು. ಅವರೇ ಕೊನೆ. “ಇಬ್ಬರು,” ಎಂದು ಹೇಳಬೇಕೆಂದು ಬಾಯಿ ತೆರೆದೆ. ಆಮೇಲೆ ಅತ್ತೆ. ಕಣ್ಣೊರೆಸಿಕೊಳ್ಳುವ ಅಳುವಲ್ಲ, ಗೊಳೋ ಎಂದು ಅತ್ತೆ. ಸಾಹೇಬರ ಮುಂದೆ ಬಾಯಿ ಬಿಟ್ಟದ್ದು, ಒಂದು ಕಪ್ಪು ಚಹಾಕ್ಕೆ ನೂರಾ ಅರವತ್ತಮೂರು ಮಂದಿಯನ್ನು ಮಾರಿದ್ದು, ಎಲ್ಲವನ್ನೂ ಹೇಳಿದೆ. ಡಾಕ್ಟರ್ ಬಾಯಿಯವರು ನೀರು ಕೊಟ್ಟರು. “ನಾಳೆ ಬರ್ರಿ,” ಎಂದರು. ನಾನು ಹೊರಗೆ ಬಂದು ಸ್ಟೂಲಿನ ಮೇಲೆ ಕೂತೆ, ಅವರಿಗೆ ಮತ್ತೆ ನನ್ನ ಗುರುತು ಇರಲಿಲ್ಲ.

ಅಂದು ಸಂಜೆ ಬೋರ್ಡಿನ ಮೇಲಿನ ಎರಡನೆಯ ಅಂಕಿಯನ್ನು ಒರೆಸಿಹಾಕಿದೆ. ಮೇಲೆ ಎರಡು ಎಂದಷ್ಟೇ ಬರೆದೆ. ಮರುದಿನ ಬೇಗ ಹೋಗಿ ಸ್ಟೂಲನ್ನು ತಿರುಗಿಸಿಟ್ಟೆ. ಇನ್ನು ಮುಂದೆ ನಾನು ಗೋಡೆಗೆ ಮುಖ ಮಾಡಿ ಕೂಡುವವನು, ಬಂದವರಿಗೆ ಕಾಣುವುದು ನನ್ನ ಬೆನ್ನು. ಬೀಜ ಬಿದ್ದ ಸದ್ದು ಕೇಳಿದರೆ ಒಂದು ಎಂದು ತಿಳಿದುಕೊಳ್ಳುವುದು. ಹೇಳಲು ಸುಲಭ. ಆ ಕಾಲುಗಳನ್ನು ಬಿಟ್ಟರೆ ನನಗೆ ಈ ಊರಿನಲ್ಲಿ ಯಾವ ಬಳಗವೂ ಇರಲಿಲ್ಲ. ಕಣ್ಣೆದುರಿಗೆ ಸುಣ್ಣ ಉದುರಿದ ಗೋಡೆ, ಅದರ ಮೇಲೆ ಒಂದು ಇರುವೆಯ ಸಾಲು. ಹನ್ನೊಂದು ಗಂಟೆಗೆ ಹಿಂದೆ ಸದ್ದಾಯಿತು. ಬೀಜ ಬಿತ್ತು. ತಿರುಗಿ ನೋಡಲಿಲ್ಲ. ಅವಳು ಹೋದ ಮೇಲೆ ಎದ್ದು ನನ್ನ ಬೀಜ ಹಾಕಿ ಒಳಗೆ ಹೋದೆ. ಹೀಗೆ ಮೂರು ವಾರ ನಡೆಯಿತು. ಬೋರ್ಡಿನಲ್ಲಿ ದಿನವೂ ಎರಡು. ಊರವರು ಇನ್ನೂ ನನ್ನ ಬೆನ್ನನ್ನು ನಂಬಿರಲಿಲ್ಲ. ನಂಬಿಕೆ ಹೋದಷ್ಟು ಬೇಗ ಬರುವುದಿಲ್ಲ, ಅವರನ್ನು ಬೈಯುವ ಮುಖ ನನಗಿಲ್ಲ.

ಒಂದು ಮುಂಜಾನೆ ನಾನು ಬಾಗಿಲು ಹಾಕಿಕೊಂಡು ಕೆಲಸಕ್ಕೆ ಹೊರಟಿದ್ದೆ. ಕಟ್ಟೆಯ ಮೇಲೆ ಸಾತವ್ವ ನಿಂತಿದ್ದಳು. ಒಗೆದ ಸೀರೆ, ಕೈಯಲ್ಲಿ ಗಂಟು. ನಾನು ರೂಢಿಯಂತೆ ತಲೆ ತಗ್ಗಿಸಿದೆ, ಮತ್ತೆ ಅವಳ ಕಾಲು ಕಂಡೀತೆಂದು ಹೆದರಿ ಆಕಾಶ ನೋಡಿದೆ.

“ಮಡಿವಾಳಪ್ಪಣ್ಣ,” ಎಂದಳು.

ಬೀದಿಯಲ್ಲಿ ಜನರಿದ್ದರು. ಎದುರುಮನೆಯವಳು ಕಸ ಗುಡಿಸುವುದನ್ನು ನಿಲ್ಲಿಸಿ ನೋಡುತ್ತಿದ್ದಳು. ನಾನು ಆಕಾಶದಿಂದ ಕಣ್ಣು ಕೀಳಲಿಲ್ಲ.

“ಆಕಾಶದಾಗ ಏನೈತ್ರಿ? ಇಲ್ಲಿ ನೋಡ್ರಿ. ನಮ್ಮ ತಂಗಿ ಮಗಳ ಬಾಣಂತನ ಐತಿ, ಅವರೂರಿಗೆ ಹೊಂಟೀನಿ. ಹತ್ತ ದಿನ ಬರಂಗಿಲ್ಲ. ಡಾಕ್ಟರ್ ಬಾಯಾರು ಹತ್ತ ದಿನದ ಗುಳಿಗಿ ನನ್ನ ಕೈಯಾಗ ಕೊಟ್ಟಾರ.” ಗಂಟನ್ನು ಎತ್ತಿ ತೋರಿಸಿದಳು. “ಹತ್ತ ದಿನ ಗೋಡಿ ಆ ಕಡೆ ಸದ್ದ ಬರಂಗಿಲ್ಲ. ಎಲ್ಲಿ ಹೋದಳ ಅಂತ ಬಾವಿಗೆ ಹಣಿಕಿ ಹಾಕಬ್ಯಾಡ್ರಿ.”

“ಇಲ್ಲ,” ಎಂದೆ.

“ಬೋರ್ಡಿನ ಮ್ಯಾಲ ಎರಡ ಬಂತಲ್ಲ, ಅವತ್ತ ನಾ ಚೀಲಾ ಮರತ ದವಾಖಾನಿಗೆ ತಿರಿಗಿ ಬಂದಿದ್ದೆ. ಸ್ಟೂಲ್ ಖಾಲಿ ಇತ್ತು. ಒಳಗ ಯಾರೋ ಅಳಾಕತ್ತಿದ್ರು.” ಅವಳ ದನಿ ತಗ್ಗಿತು. “ಹೊರಗ ನಿಂತ ಪೂರಾ ಕೇಳಿದೆ. ಬಾಯಾರ ಮುಂದ ಹೇಳಿದ್ದನ್ನ ಕೇಳಬಾರದಿತ್ತು, ತಪ್ಪಾತು. ಆದ್ರ ಅವತ್ತ ನನಗ ನಿದ್ದಿ ಬಂತು ನೋಡ್ರಿ. ಇವತ್ತಿಂದ ಬೋರ್ಡಿನ ಮ್ಯಾಲ ಒಂದ ಇರತೈತಿ. ನೋಡಿ ಕಂಗಾಲ ಆಗಬ್ಯಾಡ್ರಿ, ನಾ ಊರಾಗಿಲ್ಲ ಅಷ್ಟ. ಅದನ್ನ ಹೇಳಾಕ ನಿಂತೆ.”

ಎದುರುಮನೆಯವಳ ಪೊರಕೆ ನಿಂತೇ ಇತ್ತು. ಸಾತವ್ವ ಅವಳ ಕಡೆ ಒಮ್ಮೆ ನೋಡಿ, ನೋಡಿದರೆ ನೋಡಲಿ ಎಂಬಂತೆ ಸೆರಗು ಸಿಕ್ಕಿಸಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಸುಖವಾಗಿ ಹೋಗಿ ಬಾ ಎನ್ನಬೇಕೆಂದು ನನಗೆ ಹೊಳೆದದ್ದು ಅವಳು ಕಣ್ಮರೆಯಾದ ಮೇಲೆ.

ಅಂದು ಗಡಿಗೆಯಲ್ಲಿ ನನ್ನದೊಂದೇ ಬೀಜ. ಒಂದು ಎಂದು ಬರೆದೆ. ಮರುದಿನವೂ ಒಂದು. ಆ ಸಂಜೆ ಮುಖ್ಯಾಧಿಕಾರಿಗಳು ಗಾಣದ ಕಟ್ಟೆಗೇ ಬಂದರು. ಬೋರ್ಡು ನೋಡಿ ಬೇಸರದಿಂದ ಲೊಚಗುಟ್ಟಿದರು.

“ಎರಡಿತ್ತು, ಒಂದಾಯ್ತು. ಇದೊಂದು ಯಾಕೆ ಹೋಗ್ತಿಲ್ಲ ಮಡಿವಾಳಪ್ಪ? ನಿಮಗೆ ಗೊತ್ತಿರುತ್ತಲ್ಲ. ಯಾರು ಆ ಒಬ್ಬ ಮನುಷ್ಯ? ಹೇಳಿ, ನಾನೇ ಹೋಗಿ ಮಾತಾಡ್ತೀನಿ.”

ಮೊದಲಿನಂತೆಯೇ ನನ್ನ ಮುಖವನ್ನು ನೇರವಾಗಿ ನೋಡುತ್ತಿದ್ದರು. ಅಷ್ಟು ಹತ್ತಿರದಿಂದ ನೋಡಿಯೂ ಅವರಿಗೆ ಏನೂ ಕಾಣಲಿಲ್ಲ.

“ಗೊತ್ತಿಲ್ರಿ ಸಾಹೇಬ್ರ,” ಎಂದೆ. “ಆ ಓಣಿಯಾಗ ನನಗ ಯಾರ ಗುರ್ತೂ ಹತ್ತಂಗಿಲ್ಲ.”

ಅವರು ಹೋದರು. ನಾನು ಕೈಗೆ ಹತ್ತಿದ ಸೀಮೆಸುಣ್ಣ ಒರೆಸಿಕೊಂಡು ಮನೆಯ ಕಡೆ ನಡೆದೆ. ಸಾತವ್ವ ಬರಲು ಇನ್ನೂ ಎಂಟು ದಿನ ಇತ್ತು.